ಕೈ ಇಳಿಸಿದ ಮೇಲೆ

ಆ ಕಾಲೇಜಿನಲ್ಲಿ ಫಿಸಿಯೋಥೆರಪಿ ಪಾಠ ಹೇಳುವವರು ಬೇಕಾದಷ್ಟು ಜನರಿದ್ದರು. ಆದರೆ ಕೈ ಎತ್ತುವಾಗ ಬೆನ್ನಿನ ಹಲಗೆಮೂಳೆ ಹೇಗೆ ಜಾರುತ್ತದೆ, ನೋವಿದ್ದವರಲ್ಲಿ ಅದು ಎಲ್ಲಿ ಮುಗ್ಗರಿಸುತ್ತದೆ ಎಂದು ನೋಡುವುದರಲ್ಲೇ ಅರ್ಧ ಆಯುಷ್ಯ ಕಳೆದವಳು ಇವಳೊಬ್ಬಳೇ. ಎಲ್ಲರ ಬಾಯಲ್ಲೂ ಅವಳು ಭುಜದ ಪ್ರೊಫೆಸರ್. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಮುಖ ನೋಡುವವಳಲ್ಲ, ತೋಳು ನೋಡುವವಳು. "ಬಾಯಿ ಸುಳ್ಳು ಹೇಳಬಹುದು, ಭುಜ ಹೇಳಲ್ಲ" ಎನ್ನುವುದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಅವಳು ಆಡುತ್ತಿದ್ದ ಮಾತು.

ಅವಳ ಅಕ್ಕ ಟೈಲರ್. "ನಾವಿಬ್ರೂ ಭುಜ ನಂಬ್ಕೊಂಡೇ ಬದುಕೋರು ಕಣೆ ಗುಬ್ಬಿ. ನೀನು ಬಿಚ್ಚಿ ನೋಡ್ತೀಯ, ನಾನು ಮುಚ್ಚಿ ಕಳಿಸ್ತೀನಿ" ಎಂದು ತಂಗಿಯನ್ನು ರೇಗಿಸುತ್ತಿದ್ದಳು. ಪ್ರಯೋಗಕ್ಕೆ ಬರುವ ಹೆಂಗಸರು ಬೆನ್ನು ಬಿಟ್ಟುಕೊಂಡು ನಿಲ್ಲಲು ನಾಚುತ್ತಾರೆಂದು ತಂಗಿ ಗೋಳಾಡಿದಾಗ, ಮುಂದೆಲ್ಲ ಮುಚ್ಚಿ, ಕುತ್ತಿಗೆಗೆ ಲಾಡಿ ಕಟ್ಟಿ, ಬೆನ್ನಿನ ಮೇಲ್ಭಾಗವಷ್ಟೇ ಕಾಣುವಂಥ ಅಂಗಿಗಳನ್ನು ಹೊಲಿದುಕೊಟ್ಟವಳು ಅವಳೇ.

ಸಂಶೋಧನೆಗೆ ನೋಯುವ ಭುಜ ಹುಡುಕುವುದು ಕಷ್ಟವಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಸಾಲುಗಟ್ಟಿರುತ್ತವೆ. ಹೋಲಿಸಿ ನೋಡಲು ಅದೇ ವಯಸ್ಸಿನ, ನೋವಿಲ್ಲದ ಭುಜವೂ ಬೇಕಲ್ಲ, ಬರವಿರುವುದು ಅದಕ್ಕೆ. ಐವತ್ತು ದಾಟಿದವರಲ್ಲಿ ಅಂಥದ್ದು ಮೊಲದ ಕೊಂಬೇ ಸರಿ. ಕೊನೆಗೆ ಒಬ್ಬರು ಕಡಿಮೆ ಬಿದ್ದಾಗ ತಂಗಿ ಅಕ್ಕನಿಗೆ ಫೋನ್ ಮಾಡಿದಳು.

"ನಿಂಗೆ ಭುಜ ಗಿಜ ನೋವಿಲ್ಲ ತಾನೆ?"

"ಇಲ್ವೇ. ಯಾವಾಗ ಬರ್ಲಿ?"

ಅಕ್ಕ ಬಂದಳು. ತಾನೇ ಹೊಲಿದ ಅಂಗಿ ತೊಟ್ಟು, ತಲೆ, ಬೆನ್ನು, ಎರಡೂ ತೋಳುಗಳ ಮೇಲೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿಕೊಂಡು, ಕ್ಯಾಮೆರಾಗಳ ನಡುವೆ ನಿಂತು ಬಲಗೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕ್ಯಾಮೆರಾಗೆ ಕಾಣುವುದು ಗುಂಡುಗಳು ಮಾತ್ರ, ಮನುಷ್ಯರಲ್ಲ. ಪರದೆಯ ಮೇಲೆ ಬಿಳಿ ಚುಕ್ಕಿಗಳು ಎಷ್ಟು ನಯವಾಗಿ ಏರಿ ಇಳಿದವೆಂದರೆ, ತಂಗಿ ಅದನ್ನೇ ಪಾಠಕ್ಕೂ ಇಟ್ಟುಕೊಂಡಳು. ನೋವಿಲ್ಲದ ಭುಜ ಎಂದರೆ ಹೀಗೆ, ನೋಡಿ ಕಲಿಯಿರಿ ಎನ್ನುತ್ತಿದ್ದಳು.

ವರ್ಷ ತುಂಬುವುದರೊಳಗೆ ಅಕ್ಕ ತೀರಿಕೊಂಡಳು. ಶ್ವಾಸಕೋಶದ ಮೇಲ್ತುದಿಯಲ್ಲಿ ಗಡ್ಡೆ. ಗಡ್ಡೆ ಅಲ್ಲಿ ಕೂತು ನರ ಒತ್ತುತ್ತಿದ್ದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಕೈ ಮಾತ್ರ ಮೊದಮೊದಲು ಸಲೀಸಾಗಿಯೇ ಏಳುತ್ತದೆ. ಭುಜದ ನೋವೆಲ್ಲ ಭುಜದ್ದಲ್ಲ ಎಂದು ಪ್ರೊಫೆಸರ್ ಎರಡನೇ ವರ್ಷದವರಿಗೆ ಮೊದಲಿನಿಂದಲೂ ಇದನ್ನೇ ಉದಾಹರಣೆ ಕೊಟ್ಟು ಹೇಳುತ್ತಾಳೆ, ಪರೀಕ್ಷೆಯಲ್ಲೂ ಕೇಳುತ್ತಾಳೆ. ದೀಪದ ಬುಡದಲ್ಲಿ ಕತ್ತಲು ಎಂದು ಸುಮ್ಮನೆ ಹೇಳುತ್ತಾರೆಯೆ?

ಒಂದೇ ಒಂದು ಸಮಾಧಾನವನ್ನು ಅವಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ನೋವು ಶುರುವಾದದ್ದು ಆಮೇಲೆ. ನನ್ನ ಕಣ್ಣೆದುರು ಕೈ ಎತ್ತಿದ ದಿನ ಅಕ್ಕ ಚೆನ್ನಾಗಿಯೇ ಇದ್ದಳು.

ಅದನ್ನೂ ಭಾವ ಕಿತ್ತುಕೊಂಡರು. ಬೇಕೆಂದು ಅಲ್ಲ, ಪಾಪ. ಅಕ್ಕನ ಕತ್ತರಿಯನ್ನು ತಂಗಿಯ ಹತ್ತಿರ ಇರಲಿ ಎಂದು ಕೊಡಲು ಬಂದವರು, ಚಹಾ ಕುಡಿಯುತ್ತ ಮಾತಿಗೆ ಮಾತು ಬಂದು ಹೇಳಿದರು.

"ನಿನ್ನ ಲ್ಯಾಬಿಗೆ ಬಂದ ದಿನಾನೂ ನೋವಿನ ಮಾತ್ರೆ ನುಂಗೇ ಬಂದಿದ್ಲಮ್ಮ. ಗುಬ್ಬಿಗೆ ಹೇಳೇ ಅಂದೆ. ಹೇಳಿದ್ರೆ ಗುಬ್ಬಿಗೆ ಒಬ್ರು ಕಮ್ಮಿಯಾಗ್ತಾರೆ, ಅವಳ ಕೆಲಸ ಮುಗೀಲಿ, ಆಮೇಲೆ ತೋರಿಸ್ಕೋತೀನಿ ಅಂದ್ಲು."

"ಮತ್ತೆ ಯಾಕೆ ತೋರಿಸ್ಕೊಳ್ಲಿಲ್ಲ ಭಾವ?"

"ನೀನೇ ಅಂದ್ಯಂತಲ್ಲ, ನಿನ್ನಂಥ ಭುಜ ಇನ್ನೊಬ್ರಿಗಿಲ್ಲ ಅಂತ. ಬಂದೋರಿಗೆಲ್ಲ ಹೇಳ್ಕೊಂಡು ಓಡಾಡಿದ್ಲು. ಅಷ್ಟು ದೊಡ್ಡ ಮಷೀನೇ ಏನೂ ಇಲ್ಲ ಅಂದಮೇಲೆ ಏನಿರುತ್ತೆ ಅಂತ ನಾವೂ ಸುಮ್ಮನಾದ್ವಿ."

ಭಾವ ಲೋಟ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಅವಳಿಗೆ ಅಳುವೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದವಳೇ ಅಕ್ಕನ ಚುಕ್ಕಿಗಳನ್ನು ಪರದೆಗೆ ಹಾಕಿಸಿದಳು. ಆ ಸಂಶೋಧನೆಯ ಲೇಖನ ಅದೇ ವಾರ ಅಚ್ಚಿಗೆ ಹೋಗಬೇಕಿತ್ತು.

"ಇವರನ್ನ ಲೆಕ್ಕದಿಂದ ತೆಗೀಬೇಕು" ಎಂದಳು.

ಸಂಶೋಧನೆಯ ವಿದ್ಯಾರ್ಥಿನಿ ಹೊಸಬಳು. ಚುಕ್ಕಿಗಳು ಯಾರವೆಂದು ಅವಳಿಗೆ ಗೊತ್ತಿರಲಿಲ್ಲ. "ಯಾಕೆ ಮೇಡಂ? ನಮ್ಮ ಹತ್ರ ಇರೋದ್ರಲ್ಲಿ ಇದೇ ಬೆಸ್ಟು."

"ಇವರಿಗೆ ನೋವಿತ್ತು."

"ಎಲ್ಲಿ ಮೇಡಂ? ಕಾಣ್ತಾನೇ ಇಲ್ವಲ್ಲ."

ಪ್ರೊಫೆಸರ್ ಮತ್ತೆ ಮತ್ತೆ ಓಡಿಸಿ ನೋಡಿದಳು. ಎಲ್ಲಾದರೂ ಒಂದು ಸಣ್ಣ ತಡೆ, ಒಂದು ಅದುರು ಸಿಕ್ಕಿದರೆ ಸಾಕಿತ್ತು. ಆಗ ತಪ್ಪಿದ್ದು ನನ್ನ ಕಣ್ಣು ಎಂದಾದರೂ ಆಗುತ್ತಿತ್ತು. ಕೈ ಏರಿತು, ಇಳಿಯಿತು, ಎಲ್ಲೂ ಮುಗ್ಗರಿಸಲಿಲ್ಲ. ಭುಜವೂ ಸುಳ್ಳು ಹೇಳಿತ್ತು.

"ಕತ್ತರಿಸದೇ ಇರೋದು ಇದ್ಯಾ?" ಎಂದು ಕೇಳಿದಳು.

ಕೊನೆಯ ಸಲ ಕೈ ಇಳಿದಮೇಲೆ ಬರುವುದನ್ನೆಲ್ಲ ಅಲ್ಲಿ ಕತ್ತರಿಸಿ ಬದಿಗಿಡುವುದು ರೂಢಿ. ಅದರಲ್ಲಿರುವುದು ಆಕಳಿಕೆ, ಮೈ ತುರಿಕೆ, ಲಾಡಿ ಸರಿಪಡಿಸಿಕೊಳ್ಳುವುದು, ಯಾರೂ ನೋಡುವುದಿಲ್ಲ. ಹಾಗೆಂದು ನಿಯಮ ಮಾಡಿದವಳೂ ಅವಳೇ. ವಿದ್ಯಾರ್ಥಿನಿ ಹುಡುಕಿ ಪೂರ್ತಿಯದನ್ನು ತೆಗೆದಳು.

ಬಲಗೈ ಕೊನೆಯ ಸಲ ಇಳಿಯಿತು. ಸ್ವಲ್ಪ ಹೊತ್ತು ಚುಕ್ಕಿಗಳು ಹಾಗೇ ನಿಂತಿದ್ದವು. ಆಮೇಲೆ ಎಡಗೈಯ ಚುಕ್ಕಿಗಳು ಮೆಲ್ಲಗೆ ಎದ್ದು, ಎದೆಯನ್ನು ದಾಟಿ, ಬಲಭುಜದ ಮೇಲೆ ಬಂದು ಕೂತವು. ಅಲ್ಲೇ ಉಳಿದವು. ಬಲಭುಜ ಆ ಕೈಯ ಕೆಳಗೆ ಕುಸಿಯಿತು, ತಲೆಯೂ ಆ ಕಡೆಗೇ ವಾಲಿತು.

ಇದ್ದಕ್ಕಿದ್ದಂತೆ ಎಡಗೈ ಕೆಳಗೆ ಬಿತ್ತು. ಎರಡೂ ಭುಜಗಳು ನೆಟ್ಟಗಾದವು, ಅಳತೆಗೆ ನಿಲ್ಲಿಸಿದಂತೆ.

"ಪಾಪ, ನಿಜವಾಗ್ಲೂ ನೋವಿತ್ತು" ಎಂದಳು ವಿದ್ಯಾರ್ಥಿನಿ. ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. ಅಲ್ಲಿ ಆ ಚುಕ್ಕಿಗಳನ್ನು ಬಿಟ್ಟು ಬೇರೇನೂ ಇರಲಿಲ್ಲ. "ಹಾಗೆ ತಟ್ಟಂತ ಯಾಕೆ ಕೈ ತೆಗೆದ್ರು ಮೇಡಂ?"

"ಗುಂಡು ಬಿಡಿಸೋಕೆ ನಾನು ಹತ್ರ ಬಂದೆ" ಎಂದಳು ಪ್ರೊಫೆಸರ್.