ಒದ್ದೆ ಜೇಬು

ಅಕ್ಕನ ಇಸ್ತ್ರಿ ಅಂಗಡಿಯಲ್ಲಿ ಒಂದು ಪದ್ಧತಿ: ಹೊಸ ಕೆಂಡ ತುಂಬಿದ ಪೆಟ್ಟಿಗೆಯ ಮೊದಲ ಕಾವು ಮನೆಯವರ ಬಟ್ಟೆಗೆ, ಗಿರಾಕಿಗಳದ್ದು ಆಮೇಲೆ. ಮನೆಯವರೆಂದರೆ ಇನ್ಯಾರು, ಹೋಟೆಲಿನ ಸ್ವಾಗತದ ಮೇಜಿನಲ್ಲಿ ರಾತ್ರಿ ಪಾಳಿ ಮಾಡುವ ತಂಗಿ ಒಬ್ಬಳೇ.

ಪಾಳಿ ಮುಗಿಸಿ ಬರುವಾಗ ಯಾರೋ ಹಿಂದೆ ಬೀಳುತ್ತಾನೆಂದು ಪೆಪ್ಪರ್ ಸ್ಪ್ರೇ ಡಬ್ಬಿ ತಂದುಕೊಟ್ಟವಳೂ ಅಕ್ಕನೇ.

"ಮೂತಿಗೆ ಹೊಡಿ, ತಿರುಗಿ ನೋಡದೆ ಓಡು."

"ಉಬ್ಬಸ ಇರೋರಿಗೆ ಅಪಾಯ ಅಂತ ಬರ್ದಿದೆ ಕಣಕ್ಕಾ. ನಿನಗೆ ಉಬ್ಬಸ ಇದ್ಯಲ್ಲ?"

"ನನಗ್ಯಾಕೆ ಹೊಡೀತೀಯೆ ಕತ್ತೆ? ನಾನೇನು ನಿನ್ನ ಹಿಂದೆ ಬೀಳ್ತೀನಾ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಡಬ್ಬಿ ತಂಗಿಯ ಹೋಟೆಲ್ ಕೋಟಿನ ಜೇಬು ಸೇರಿತು. ಹಗಲೆಲ್ಲ ಕೋಟು ತೂಗುತ್ತಿದ್ದುದು ಅಂಗಡಿಯಲ್ಲಿ ಕೆಂಡ ಮಾಡುವ ಒಲೆಯ ಪಕ್ಕದ ಮೊಳೆಗೆ. ದಿನವೂ ಕಾವು ತಿಂದು ತಿಂದು ಡಬ್ಬಿಯ ಮೂತಿ ಸಡಿಲವಾಯಿತು. ಒಂದು ಬೆಳಿಗ್ಗೆ ಪಾಳಿಯಿಂದ ಬಂದ ತಂಗಿ ಜೇಬಿಗೆ ಕೈಹಾಕಿದರೆ ಎಲ್ಲ ಅಂಟು ಅಂಟು. ಡಬ್ಬಿಯನ್ನು ಎಸೆದಳು, ಜೇಬನ್ನು ನೀರಲ್ಲಿ ಉಜ್ಜಿದಳು, ಹೋಯಿತು ಅಂದುಕೊಂಡಳು. ಅದು ಎಣ್ಣೆಯ ಜಾತಿ, ನೀರಿಗೆ ಜಗ್ಗುವುದಲ್ಲ. ಕೋಟನ್ನು ಬಟ್ಟೆಯ ರಾಶಿಯ ಮೇಲೆ ಹಾಕಿದಳು. ಎದ್ದ ಮೇಲೆ ಹೇಳಿದರಾಯಿತು ಎಂದು ಅಂಗಡಿಯ ಹಿಂದಿನ ಮನೆಯಲ್ಲಿ ಮಲಗಿಬಿಟ್ಟಳು.

ಅಕ್ಕ ಕೋಟು ಎತ್ತಿಕೊಂಡು ಒದ್ದೆ ಮುಟ್ಟಿ ನೋಡಿದಳು. "ಪುಣ್ಯಾತ್ಗಿತ್ತಿ, ನೀರು ಚಿಮುಕಿಸೋ ಕೆಲ್ಸಾನೂ ಉಳಿಸಿದಾಳೆ!" ಎಂದು ಪಕ್ಕದ ಚಪ್ಪಲಿ ಅಂಗಡಿಯವನಿಗೆ ಕೇಳುವಂತೆ ಹೇಳಿ, ಕೆಂಡದ ಪೆಟ್ಟಿಗೆಯನ್ನು ಜೇಬಿನ ಮೇಲಿಟ್ಟು ಬಗ್ಗಿ ಒತ್ತಿದಳು. ಚುಸ್ಸೆಂದು ಎದ್ದ ಹಬೆ ನೇರ ಮುಖಕ್ಕೇ ಬಡಿಯಿತು.

ಕೂಗಿಕೊಂಡವನು ಚಪ್ಪಲಿಯವನು. ತಂಗಿ ಎದ್ದು ಬರುವಷ್ಟರಲ್ಲಿ ಅಕ್ಕ ನೆಲದಲ್ಲಿದ್ದಳು, ತುಟಿ ನೀಲಿಗಟ್ಟಿತ್ತು. ತಂಗಿ ಅವಳನ್ನು ಎದೆಗವಚಿಕೊಂಡು, ಜೇಬು ಉಜ್ಜಿದ ಅದೇ ಕೈಯಲ್ಲಿ ಮುಖ ಒರೆಸಿದಳು. ಉಬ್ಬಸದ ಪಂಪನ್ನು ಬಾಯಿಗಿಟ್ಟು ಒತ್ತಿದರೂ ಒಳಗೆಳೆದುಕೊಳ್ಳಲು ಉಸಿರೇ ಇರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಬಾಗಿಲಲ್ಲೇ ಅಡ್ಡ ನಿಂತಳು. "ನಿಮ್ಮ ಬಟ್ಟೆ, ಕೈ, ಕೂದಲು, ಎಲ್ಲಾ ಕಡೆ ಆ ಸ್ಪ್ರೇನೇ ಇದೆ. ನನಗೇ ಕೆಮ್ಮು ಬರ್ತಿದೆ. ಹತ್ರ ಹೋಗ್ಬೇಡಿ."

"ಮನೆಗೋಗಿ ಸೋಪು ಹಾಕಿ ತಲೆಗೆ ನೀರು ಹುಯ್ಕೊಂಡು ಬರ್ತೀನಿ ಸಿಸ್ಟರ್. ಬರೋವರೆಗೂ ಇರ್ತಾಳಲ್ವಾ?"

ನರ್ಸ್ ಒಳಗಿನ ಮಂಚದತ್ತ ಒಮ್ಮೆ ನೋಡಿ ಬಾಗಿಲು ಎಳೆದುಕೊಂಡಳು. ತಂಗಿ ಮನೆಗೆ ಹೋಗಲಿಲ್ಲ.

ಗಾಜಿನಾಚೆ ಅಕ್ಕ ಕಣ್ಣು ಬಿಟ್ಟಳು. ಬಾಯಿಗೆ ಕೊಳವೆ. ಮೂರು ಅಂಗಡಿಯಾಚೆಗೆ ಕೇಳುವ ಗಂಟಲು ಈಗ ಇರಲಿಲ್ಲ. ಬೆರಳು ಮಾತ್ರ ಮಡಚಿ ಕರೆದಳು: ಬಾರೇ.

ತಂಗಿ ತಲೆಯಾಡಿಸಿದಳು, ಬರಲ್ಲ ಎಂದು.

ಬೆರಳು ಮತ್ತೆ ಕರೆಯಿತು, ಮತ್ತೂ ಕರೆಯಿತು. ಆಮೇಲೆ ಅಕ್ಕ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ತಂಗಿ ಯಾಕೆ ಬರುತ್ತಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವಷ್ಟು ಹೊತ್ತೂ ಉಳಿದಿರಲಿಲ್ಲ.