ನೀಲಿ ಗೌನಿನ ಅಂಚು

ಅಂಚು ಮತ್ತೆ ಕಾಲಿಗೆ ಸಿಕ್ಕಿತು, ಸ್ಟೂಲಿನ ಮೇಲೆ ಒಂದು ಕಾಲಿಟ್ಟವಳು ಹಾಗೇ ಇಳಿದೆ, ಅಟ್ಟದ ಮೇಲಿನ ಬೂದುಬಣ್ಣದ ಬಟ್ಟೆಯ ಥಾನು ಅಲ್ಲೇ ಇರಲಿ, ಶಾಲೆಯ ಸಮವಸ್ತ್ರಕ್ಕೆ ಇನ್ನೂ ಸಮಯವಿದೆ, ಮೊದಲು ಈ ಗೌನಿಗೊಂದು ಗತಿ ಕಾಣಿಸಬೇಕು, ಒಗೆದೂ ಒಗೆದೂ ಜಗ್ಗಿದೆ ದರಿದ್ರದ್ದು — ಅಡುಗೆಮನೆಯಿಂದ ಮಗಳು, ಅಮ್ಮ, ಸ್ಟೂಲ್ ಹತ್ತಿದ್ಯಾ, ಇಲ್ಲ ಕಣೇ, ಸದ್ದು ಕೇಳಿಸ್ತಲ್ಲ, ಬೆಕ್ಕು ಕಣೇ. ಹೊಲಿಗೆ ಯಂತ್ರದ ಕೆಳಗೆ ಬೆಕ್ಕು ಒಂದು ನೀಲಿ ಪಟ್ಟಿಯನ್ನು ಕಚ್ಚಿ ಎಳೆದಾಡುತ್ತಿದೆ, ಮನಸ್ಸಾದರೆ ಅಲ್ಲಿಂದ ನೇರ ಕಪಾಟಿನ ಮೇಲಕ್ಕೆ ಹಾರುತ್ತದೆ, ಇಳಿಯುವಾಗಲೂ ಒಂದೇ ನೆಗೆತ, ಮೊಟ್ಟೆಯ ಹಳದಿ ತಿಂದ ಮೂಳೆ. ಹಳದಿಯೆಲ್ಲ ಅದಕ್ಕೇ. ಇವರಿಗೆ ಎದೆನೋವು ಬಂದ ವರ್ಷ ಆಸ್ಪತ್ರೆಯಲ್ಲಿ ಹಳದಿ ಬೇಡ ಅಂದಿದ್ದರು, ಮನೆಯಲ್ಲಿ ಒಬ್ಬರಿಗೆ ಬೇಡವಾದದ್ದು ಎಲ್ಲರಿಗೂ ಬೇಡವಾಯಿತು, ಇವರು ಹೋದರು, ಹಳದಿ ಬಿಡಿಸಿ ಬೆಕ್ಕಿನ ತಟ್ಟೆಗೆ ಹಾಕುವ ಕೈ ಮಾತ್ರ ನಿಲ್ಲಲಿಲ್ಲ. ಮೊನ್ನೆ ಆ ಡಾಕ್ಟರು ಹುಡುಗಿ, ಏನೇನು ತಿಂತೀರಮ್ಮ, ಮೊಟ್ಟೆ ತಿಂತೀನಿ, ಹಳದಿ ಸಮೇತಾನಾ, ಇಲ್ಲ, ಮೀನು, ಮುಳ್ಳು ಬಿಡಿಸ್ತಾ ಕೂರೋರ್ಯಾರು, ಹಾಲು, ಟೀಗೆ ಹಾಕ್ಕೋತೀನಿ, ಬಿಸಿಲಿಗೆ ಹೋಗ್ತೀರಾ.

ನಗು ಬಂತು. ಬಿಸಿಲು ಬಟ್ಟೆಯ ಶತ್ರು, ಒಂದು ಬೇಸಿಗೆ ಕಿಟಕಿ ತೆರೆದಿಟ್ಟರೆ ಥಾನಿನ ಮಡಿಕೆಯುದ್ದಕ್ಕೂ ಬಿಳಿ ಗೆರೆ, ಗಿರಾಕಿಯ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಅದಕ್ಕೇ ಪರದೆ, ಅದು ಗಾಳಿಗೆ ಸರಿಯದಿರಲೆಂದು ಒಂದು ಕಟ್ಟು, ಅದೂ ನೀಲಿ ಪಟ್ಟಿಯೇ, ಇದೇ ಗೌನನ್ನು ಮೊದಲ ಸಲ ಗಿಡ್ಡ ಮಾಡಿದಾಗ ಉಳಿದದ್ದು. ಇಡೀ ದಿನ ಟ್ಯೂಬ್‌ಲೈಟು. ರಕ್ತದ ವರದಿ ನೋಡಿ ಹುಡುಗಿ, ವಿಟಮಿನ್ ಡಿ ತಳ ಹಿಡಿದಿದೆಯಮ್ಮ, ಅದಿಲ್ದೆ ಕ್ಯಾಲ್ಸಿಯಂ ಎಷ್ಟು ತಿಂದ್ರೂ ಮೈಗೆ ಸರಿಯಾಗಿ ಹತ್ತಲ್ಲ, ಮಾತ್ರೆ ಕೊಡ್ತೀನಿ, ಹಳದಿ ಬಿಡಬೇಡಿ, ಮೂಳೆ ಒಂದ್ಸಲ ಸ್ಕ್ಯಾನ್ ಮಾಡಿಸೋಣ, ಎತ್ತರ ಏನಾದ್ರೂ ಕಮ್ಮಿ ಆದ ಹಾಗಿದೆಯಾ. ನಾನೇನು ಸೋಪಾ ಸವೆಯೋಕೆ, ಅಂದೆ. ಅವಳು ನಕ್ಕಳು, ಮಗಳು ನಗಲಿಲ್ಲ. ಸ್ಕ್ಯಾನು ಗೀನು ಎಲ್ಲ ಶಾಲೆ ಶುರುವಾದ ಮೇಲೆ ಅಂದದ್ದಕ್ಕೆ ಮಗಳು ಮನೆ ಬಾಗಿಲ ಹತ್ತಿರ ನಿಂತು, ದಾರದಂಗಡಿ ಆಂಟೀನ ಒಂದ್ಸಲ ನೋಡ್ಕೊಂಡು ಬಾ ಹೋಗು. ನೋಡಿದ್ದೇನೆ. ಒಂದೇ ಮೆಟ್ಟಿಲು, ಅದೂ ತನ್ನದೇ ಅಂಗಡಿಯದು, ಸೊಂಟ ಮುರಿದು ಮಲಗಿದವಳು ಇನ್ನೂ ಎದ್ದಿಲ್ಲ, ನೀರು ಬೇಕಾದರೂ ಸೊಸೆಯ ಮುಖ ನೋಡಿ ಕೇಳುತ್ತಾಳೆ, ನನ್ನ ಕೈ ಹಿಡಿದು, ಜೋರಾಗೇನೂ ಬೀಳ್ಲಿಲ್ಲ ಕಣೇ, ಸುಮ್ನೆ ಕೂತ ಹಾಗೆ ಆಯ್ತು ಅಷ್ಟೇ, ಮತ್ತೆ ಮತ್ತೆ ಅದನ್ನೇ. ನನಗೆ ಹಾಗಾದರೆ ಯಂತ್ರ ತುಳಿಯುವವರ್ಯಾರು, ತುಳಿಯದೆ ನಾನು ಈ ಮನೆಯಲ್ಲಿ ಏನು — ಸಾಕು, ಕೆಲಸ ನೋಡು.

ಲಂಗ ಸುತ್ತಿಕೊಂಡು ಗೌನನ್ನು ಮೇಜಿನ ಮೇಲೆ ಹರಡಿದೆ, ಸೀಮೆಸುಣ್ಣದ ಬಿಲ್ಲೆಯಿಂದ ಗೆರೆ, ಮುಂದೆ ಎರಡು ಬೆರಳು, ಹಿಂದಕ್ಕೆ ಹೋಗುತ್ತಾ ಒಂದೇ, ಕೈಗೆ ರೂಢಿಯಾಗಿದೆ, ಕತ್ತರಿ ಹಿಂದಿನ ಹೊಲಿಗೆಯಿಂದ ಹೊರಟು ಮುಂದನ್ನು ಸುತ್ತಿ ಮತ್ತೆ ಅಲ್ಲಿಗೇ ಬರುವಾಗ — ಮುಂದೆ ಯಾಕೆ ಜಾಸ್ತಿ. ಜಗ್ಗಿದರೆ ಸುತ್ತಲೂ ಜಗ್ಗಬೇಕು. ಮುಂದೆ ಮಾತ್ರ ನೆಲ ಗುಡಿಸುವ ಗೌನು ಯಾರದು, ಬೆನ್ನು ಬಾಗಿದವರದು, ಮೂಲೆಮನೆ ಅಜ್ಜಿಯ ಅಳತೆ ತೆಗೆಯುವಾಗೆಲ್ಲ ಕೇಳದೆಯೇ ಮುಂದೆ ಎರಡು ಬೆರಳು ಕಡಿಮೆ ಮಾಡಿಲ್ಲವೇ. ಅಲ್ಲದೆ ಇದು ಹತ್ತಿ. ಹತ್ತಿ ಒಗೆದರೆ ಕುಗ್ಗುತ್ತದೆ, ಬಂದವರಿಗೆಲ್ಲ ನಾನೇ ಹೇಳಿ ಹೇಳಿ ಬಾಯಿ ಒಣಗಿದೆ, ಟೈಲರಮ್ಮ, ಲಂಗ ಇಷ್ಟು ಗಿಡ್ಡ ಆಗೋಯ್ತು, ಬಟ್ಟೆ ಸರಿಯಿಲ್ಲ, ಬಟ್ಟೆ ಸರಿಯಾಗೇ ಇದೆ ಕಣಮ್ಮ, ನಿನ್ನ ಮಗಳು ಬೆಳೆದಿದ್ದಾಳೆ, ಎಂದು ನಕ್ಕು ಕಳಿಸಿದವಳು ಈಗ ನನ್ನ ಗೌನು ಬೆಳೆದಿದೆ ಎಂದು ಕತ್ತರಿಸುತ್ತಾ ಕೂತಿದ್ದೆ.

ಅಮ್ಮ, ಮೊಟ್ಟೆ ಬೆಂದಿದೆ, ಹಳದಿ ಬೆಕ್ಕಿಗೆ ಹಾಕ್ಬಿಡ್ಲಾ. ಬೇಡ, ಹಾಗೇ ತಾ. ಏನಂದೆ. ಹಾಗೇ ತಾ ಅಂದೆ, ಆಮೇಲೆ ಆ ಡಾಕ್ಟರಿಗೆ ಫೋನ್ ಮಾಡು, ಎತ್ತರ ಕಮ್ಮಿ ಆಗಿದೆ ಅಂತ ಹೇಳು. ಒಳಗೆ ನಲ್ಲಿ ನಿಂತಿತು. ಅವಳು ಬರುತ್ತಿದ್ದಾಳೆ, ಸ್ಟೂಲು ಅಟ್ಟದ ಕೆಳಗೇ ಇದೆ, ಸರಿಸಬೇಕು, ಸರಿಸಬೇಕು ಅಂದುಕೊಳ್ಳುತ್ತಲೇ ಮೇಜಿನಿಂದ ಜಾರಿದ ಪಟ್ಟಿಯನ್ನು ಹಿಡಿದೆ, ನಡುವೆ ಅಗಲ, ತುದಿಗಳಲ್ಲಿ ಕಿರಿದು, ಬೆಕ್ಕಿನ ಬಾಯಲ್ಲಿರುವ ಹಿಂದಿನ ಸಲದ್ದೂ ನಡುವೆ ಅಗಲ, ಪರದೆಯ ಕಟ್ಟು — ಇಲ್ಲಿಂದಲೇ ಕಾಣುತ್ತದೆ, ನೀಲಿ, ನಡುವೆ ಅಗಲ.