ಒಗ್ಗದ ಹಾಲು

ಬೋರಯ್ಯ ಹಾಲಿನ ಚಮಚವನ್ನು ಅಣ್ಣನ ತುಟಿಯ ಹತ್ತಿರ ತಂದಿದ್ದಷ್ಟೇ, ಚಲುವಮ್ಮ ಅವನ ಕೈ ಹಿಡಿದುಬಿಟ್ಟಳು.

"ಹಾಲು ಬ್ಯಾಡ ಬೋರಣ್ಣ. ಅವ್ರಿಗೆ ಒಗ್ಗಲ್ಲ."

ಅಂಗಳದಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಅವಳ ಗಂಡ ಜವರಯ್ಯ ಬೆಳಗಿನ ಜಾವ ಐದಕ್ಕೆ ತೀರಿಕೊಂಡಿದ್ದ. ಈಗ ಹನ್ನೊಂದಾಗುತ್ತಾ ಬಂದಿತ್ತು. ಚಟ್ಟ ಕಟ್ಟಿಯಾಗಿತ್ತು, ಹೊಲದ ಮೂಲೆಯಲ್ಲಿ ಗುಂಡಿ ತೆಗೆದಾಗಿತ್ತು. ಎತ್ತುವ ಮೊದಲು ಮನೆಯವರು ಬಾಯಿಗೆ ಒಂದೊಂದು ಚಮಚ ಹಾಲು ಬಿಡಬೇಕು. ಹಾಸನದ ಕಡೆಯಿಂದ ಕುಶಾಲನಗರದ ಪಕ್ಕಕ್ಕೆ ಬಂದು ನೆಲೆಸಿದಾಗ ಹಿರಿಯರು ಪಾತ್ರೆಪಗಡದ ಜೊತೆಗೆ ತಂದ ಪದ್ಧತಿ ಅದು.

ಹೋದವರಿಗೆ ಒಗ್ಗೋದೇನು, ಒಗ್ಗದೇ ಇರೋದೇನು ಎಂದು ಬೋರಯ್ಯ ಮೆಲ್ಲಗೇ ಹೇಳಿದ. ಹಾಲಿಲ್ಲದೆ ಕಳಿಸಿದರೆ ಊರವರು ಏನಂದಾರು ಅಂತಲೂ ಕೇಳಿದ. ಚಲುವಮ್ಮ ಕೈ ಬಿಡಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ದಿವ್ಯಶ್ರೀ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮಡಿಕೇರಿಯಲ್ಲಿ ಜೀವರಸಾಯನಶಾಸ್ತ್ರ ಓದುವ ಹುಡುಗಿ. ಒಳಗೆ ಫ್ರಿಜ್ಜಿನಲ್ಲಿ ತಾತನಿಗೆ ಒಗ್ಗುವ ಹಾಲು ಒಂದು ಬಾಟಲಿ ಇದೆಯೆಂದು ಅವಳಿಗೆ ಗೊತ್ತಿತ್ತು. ಅದನ್ನು ತರುವ ಧೈರ್ಯವೇ ಬರುತ್ತಿರಲಿಲ್ಲ.

*

ಆ "ಒಗ್ಗಲ್ಲ" ಎಂಬ ಮಾತಿಗೆ ನಲವತ್ತೆರಡು ವರ್ಷ ವಯಸ್ಸು. ಮದುವೆಯಾದ ಹೊಸದರಲ್ಲಿ ಚಲುವಮ್ಮನ ತವರಲ್ಲಿ ಜವರಯ್ಯನಿಗೆ ಅತ್ತೆ ನೊರೆಹಾಲು ಕೊಟ್ಟಳು. ಹೊಸ ಅಳಿಯ ಮರ್ಯಾದೆಗೆ ಗಟಗಟನೆ ಕುಡಿದ. ಮಾರನೆಯ ದಿನವೆಲ್ಲ ಹೊಟ್ಟೆ ಗುಡುಗುಡು, ತೋಟದ ಬೇಲಿಯ ಹಿಂದೆಯೇ ವಾಸ. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಮುಂದಿನ ಸಲ ಲೋಟ ಬಂದಾಗ, ನಂಗೆ ಒಗ್ಗಲ್ಲ ಎಂದು ಪಕ್ಕಕ್ಕೆ ಸರಿಸಿದ. ಒಗ್ಗದಿರುವುದು ತನ್ನ ತವರು ಎಂದೇ ಚಲುವಮ್ಮ ತಿಳಿದಳು.

ಹಟಕ್ಕೆ ಹಸು ಕಟ್ಟಿದಳು. ದಿನಾ ಬೆಳಗ್ಗೆ ಒಂದು ಲೋಟ ಹಾಲು ಅವನ ಮುಂದಿಡುವಳು. ಅವನು ಬೆಲ್ಲದ ಕರಿಕಾಫಿ ಕುಡಿದು ಚೆಟ್ಟಳ್ಳಿಯ ಎಸ್ಟೇಟಿಗೆ ಹೊರಡುವನು. ಮಧ್ಯಾಹ್ನಕ್ಕೆ ಮಾತ್ರ ಬುತ್ತಿ ತುಂಬ ಮೊಸರನ್ನ. ಮೊಸರು ಒಗ್ಗುತ್ತೆ, ಹಾಲು ಒಗ್ಗಲ್ವಂತೆ, ಯಾರಿಗೆ ಹೇಳ್ತಾರೆ ಈ ಕತೆ ಎಂದು ಅವಳು ಹಸುವಿನ ಹತ್ತಿರ ದೂರುತ್ತಿದ್ದಳು.

ಎಸ್ಟೇಟಿನಲ್ಲಿ ಕಾಫಿ ಗಿಡಕ್ಕೆ ಹೊಡೆಯುವ ಔಷಧಿ ಬೆರೆಸುವುದು ಜವರಯ್ಯನ ಕೆಲಸ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕತ್ತಿಯನ್ನು ಡ್ರಮ್ಮಿನಲ್ಲಿ ಅದ್ದಿ ನೋಡಬೇಕು. ತಾಮ್ರ ಹತ್ತಿ ಕೆಂಪಗಾದರೆ ಸುಣ್ಣ ಸಾಲದು. ದ್ರಾವಣದ ಲೆಕ್ಕ ತಲೆಗೆ ಹತ್ತದೆ ಮೊಮ್ಮಗಳು ಪುಸ್ತಕ ಎಸೆದ ದಿನ, ಶೇಕಡಾ ಒಂದು ಎಂದರೇನೆಂದು ಇದನ್ನೇ ಹೇಳಿ ಕಲಿಸಿದವನು ಅವನು.

ಅವಳು ಆ ಉಪಕಾರ ತೀರಿಸಿದ್ದು ಈ ವರ್ಷ, ಕಿಣ್ವಗಳ ಪಾಠ ಮುಗಿದ ಮೇಲೆ.

"ಹಾಲಲ್ಲಿ ಎರಡು ಸಕ್ಕರೆ ಅಂಟ್ಕೊಂಡಿರ್ತವೆ ತಾತ. ಬಿಡಿಸೋಕೆ ಹೊಟ್ಟೇಲಿ ಒಂದು ಕತ್ತಿ ಬೇಕು. ನಿಮ್ಮಲ್ಲಿ ಅದಿಲ್ಲ. ಮೊಸರಾದ್ರೆ ಆ ಕೆಲಸ ಸುಮಾರಿಗೆ ಹೆಪ್ಪೇ ಮಾಡಿರುತ್ತೆ."

ಜವರಯ್ಯ ಎದ್ದು ಅಡುಗೆಮನೆಗೆ ಹೋದ. "ಕೇಳಿದ್ಯಾ ಚಲುವಿ? ನನ್ ಹೊಟ್ಟೇಲಿ ಕತ್ತಿ ಇಲ್ವಂತೆ."

ಚಲುವಮ್ಮ ಒಲೆಯ ಮುಂದೆ ಕೂತು ಮೊದಲು ನಕ್ಕಳು, ಆಮೇಲೆ ಅತ್ತಳು. ಅಷ್ಟು ವರ್ಷದ ಸಿಟ್ಟು ಎಲ್ಲಿಗೆ ಹೋಗಬೇಕು ಪಾಪ.

*

ಎಳೆಮಕ್ಕಳ ಹೊಟ್ಟೆನೋವಿಗೆ ಹಾಲಿನಲ್ಲಿ ಬೆರೆಸುವ ಕಿಣ್ವದ ಹನಿಯನ್ನು ದಿವ್ಯಶ್ರೀ ಮಡಿಕೇರಿಯಿಂದ ತಂದಳು. ನಿನ್ನೆ ಬೆಳಗ್ಗೆ ಅರ್ಧ ಲೀಟರ್ ಹಾಲಿಗೆ ಐದು ಹನಿ ಹಾಕಿ ಫ್ರಿಜ್ಜಿನಲ್ಲಿಟ್ಟಳು. ಇಪ್ಪತ್ನಾಲ್ಕು ಗಂಟೆ ಕಾಯಬೇಕು.

"ಹತ್ತು ಹನಿ ಹಾಕವ್ವ," ಎಂದ ಜವರಯ್ಯ. "ಸಂಜೆಗೇ ಆಗಲ್ವಾ?"

ಅವನ ಲೆಕ್ಕ ಸರಿಯಿತ್ತು. ಕಿಣ್ವ ಎರಡರಷ್ಟಾದರೆ ಹೊತ್ತು ಅರ್ಧ; ಅವಳ ನೋಟ್‌ಬುಕ್ಕಿನಲ್ಲೇ ಆ ಲೆಕ್ಕವಿತ್ತು. ಆದರೂ ಮೊದಲ ಲೋಟವೇ ಕೈಕೊಟ್ಟರೆ ತಾತ ಇನ್ನು ಮುಟ್ಟುವುದಿಲ್ಲವೆಂಬ ಹೆದರಿಕೆ ಅವಳಿಗೆ. ಬರೆದಿರುವಷ್ಟೇ ಹಾಕೋಣ, ಅವಸರ ಏನು ಎಂದಳು. ಅವನು ಒಪ್ಪಿಕೊಂಡ.

"ನಾಳೆ ಬೆಳಗ್ಗೆ ನಿನ್ ಕೈಯಿಂದ್ಲೇ ಕುಡೀತೀನಿ ಕಣೇ," ಎಂದು ಹೆಂಡತಿಗೆ ಹೇಳಿದ. ಅವಳು ಕಿವಿಗೆ ಹಾಕಿಕೊಳ್ಳದವಳಂತೆ ಇದ್ದಳು. ಸಂಜೆ ನೋಡಿದರೆ ಮದುವೆಯಲ್ಲಿ ಕೊಟ್ಟ ಬೆಳ್ಳಿ ಲೋಟ ಪೆಟ್ಟಿಗೆಯಿಂದ ಹೊರಬಂದು, ವಿಭೂತಿಯಲ್ಲಿ ಉಜ್ಜಿಸಿಕೊಂಡು ಹೊಳೆಯುತ್ತಿತ್ತು.

*

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಉತ್ತಯ್ಯ ಅಂಗಳದ ಕುರ್ಚಿಯಲ್ಲಿ ಕೂತು, ಜವರನ ಅಳತೆ ಒಂದು ದಿನವೂ ತಪ್ಪಿದ್ದಿಲ್ಲ, ಅವನು ಬೆರೆಸಿದ ಔಷಧಿಯಿಂದ ಒಂದು ಎಲೆಯೂ ಸುಟ್ಟದ್ದಿಲ್ಲ ಎಂದು ಪಕ್ಕದವರಿಗೆ ಹೇಳುತ್ತಿದ್ದ. ಆ ಮಾತು ಕೇಳಿ ದಿವ್ಯಶ್ರೀ ಒಳಗೆ ಹೋಗಿ ಬಾಟಲಿ ತಂದಳು. ಅಜ್ಜಿಯ ಪಕ್ಕ ಕುಸಿದು ಕೂತಳು.

"ಹತ್ತು ಹನಿ ಹಾಕಿದ್ರೆ ನಿನ್ನೆ ಸಂಜೇನೇ ಕುಡೀತಿದ್ರು ಅಜ್ಜಿ. ತಾತ ಸರಿಯಾಗೇ ಹೇಳಿದ್ರು. ನಾನೇ ಬೇಡ ಅಂದೆ."

ಚಲುವಮ್ಮ ಬಾಟಲಿ ತೆಗೆದುಕೊಂಡು ಹಾಲನ್ನು ಬೆಳ್ಳಿ ಲೋಟಕ್ಕೆ ಬಗ್ಗಿಸಿದಳು. ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದಳು.

"ಸಕ್ಕರೆ ಹಾಕಿದ್ಯಾ?"

"ಇಲ್ಲ ಅಜ್ಜಿ. ಹಾಲಲ್ಲೇ ಇದ್ದದ್ದು. ಬಿಡಿಸ್ಕೊಂಡ್ರೆ ಸಿಹಿ ಜಾಸ್ತಿಯಾಗುತ್ತೆ."

ಚಲುವಮ್ಮ ಮೊಮ್ಮಗಳ ಕೆನ್ನೆ ಒರೆಸಿದಳು. "ನಲವತ್ತೆರಡು ವರ್ಷ ಕಾದೋಳು ನಾನು. ಇನ್ನೊಂದು ದಿನ ಹೆಚ್ಚಾಯ್ತಾ? ಬಿಡು."

ಮೊದಲ ಚಮಚ ಅವಳೇ ಬಿಟ್ಟಳು. ಆಮೇಲೆ ದಿವ್ಯಶ್ರೀ, ಆಮೇಲೆ ಬೋರಯ್ಯ. ಕಟವಾಯಿಯಿಂದ ಇಳಿದ ಹಾಲನ್ನು ಚಲುವಮ್ಮ ಸೆರಗಿನಿಂದ ಒರೆಸಿದಳು. ಹೊರುವವರು ಚಟ್ಟದ ನಾಲ್ಕು ಮೂಲೆಗೆ ಬಂದು ಬಗ್ಗಿದರು.

"ಎತ್ತೋಣ್ವಾ ಅತ್ತಿಗೆ?" ಎಂದ ಬೋರಯ್ಯ.

"ವಸಿ ತಡಿ."

ಅವಳು ಗಂಡನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ತಲೆ ಬಗ್ಗಿಸಿ, ಕಿವಿಗೊಟ್ಟು ಕೂತಳು. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುವುದು ಕೇಳಿಸುತ್ತಿತ್ತು. ಹೊತ್ತು ಕಳೆಯಿತು, ಬಗ್ಗಿದವರ ಸೊಂಟ ನೋಯುವಷ್ಟು.

"ಒಗ್ಗೈತೆ," ಎಂದು ಅವಳು ಕೈ ತೆಗೆದಳು. "ಎತ್ತಿ."